ಸಾಸಿವೆ ಕಾಳಿನಷ್ಟು ಗ್ರಂಥಿ

ಸಾತಲಿಂಗಪ್ಪ ಮನೆಯಲ್ಲಿ ಹೇಳಿದ್ದು ಒಂದೇ ಸುಳ್ಳು. ಆದರೆ ಅದು ನಾಲ್ಕು ವರ್ಷದಿಂದ ಅವನ ಜೊತೆಗೇ ಉಂಡು ಮಲಗುತ್ತಿತ್ತು. ತಾನು ಕೆರೆ-ಕಾಲುವೆಯ ಖಾತೆಯಲ್ಲಿ ನೌಕರ ಎಂದಿದ್ದ. ಕೆರೆಯೇನೋ ಖರೆ, ಪಗಾರ ಮಾತ್ರ ಮೀನಿನ ಖಾತೆಯದು. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ತಂದೆ ಶಂಕರೆಪ್ಪನವರ ಮನೆಯಲ್ಲಿ ಊಟದ ಹೊತ್ತಿಗೆ ಮೀನೆಂಬ ಶಬ್ದವನ್ನೂ ಆಡುವಂತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮಗ ಮೀನಿನ ತಲೆ ಒಡೆಯುತ್ತಾನೆಂದು ತಿಳಿದರೆ ತಾಯಿ ಸುಮಿತ್ರಾಬಾಯಿ ಅವನನ್ನು ಅಡಿಗೆಮನೆಯೊಳಗೆ ಬಿಟ್ಟುಕೊಂಡಾಳೆಯೇ? ಆ ಮಾತೇ ಬೇಡ.

ತಲೆ ಒಡೆಯುವುದೇ ಅವನ ಕೆಲಸವಾಗಿತ್ತು. ಅದು ೧೯೫೮ರ ಮಳೆಗಾಲ. ಅಕ್ಕಲಕೋಟೆ ತಾಲೂಕಿನ ವಾಗದರಿಯ ಹತ್ತಿರ ಸರಕಾರಿ ಕೆರೆಯಲ್ಲಿ ರೋಹು ಮೀನುಗಳು ವರ್ಷವೂ ಹೊಟ್ಟೆ ತುಂಬ ತತ್ತಿ ಹೊತ್ತು ತಿರುಗುತ್ತಿದ್ದವು, ಇಡುತ್ತಿರಲಿಲ್ಲ. ಹೊಳೆಯ ಮೀನಾದರೆ ಹೊಸ ನೀರು ಬಂದ ಕೂಡಲೇ ಅದರ ಮಿದುಳಿನ ಕೆಳಗಿರುವ ಸಾಸಿವೆ ಕಾಳಿನಷ್ಟು ಗ್ರಂಥಿ ರಸ ಬಿಡುತ್ತದೆ. ಆ ರಸ ರಕ್ತದಲ್ಲಿ ಇಳಿದು ಹೋಗಿ, ಹೊತ್ತು ಬಂತು, ಇನ್ನು ಹಣ್ಣಾಗಿ ಎಂದು ತತ್ತಿಗಳಿಗೆ ಹೇಳುತ್ತದೆ. ನಿಂತ ನೀರಿನಲ್ಲಿ ಆ ಮಾತು ಹೊರಡುವುದೇ ಇಲ್ಲ. ಬೇರೆ ಮೀನಿನ ಗ್ರಂಥಿ ಅರೆದು ಸೂಜಿ ಹಾಕಿದರೆ ತತ್ತಿ ಇಡುತ್ತದೆಂದು ಹೋದ ವರ್ಷ ಕಟಕ ಶಹರದಲ್ಲಿ ವಿಜ್ಞಾನಿಗಳು ಮಾಡಿ ತೋರಿಸಿದ್ದರು.

“ತತ್ತಿ ಇಡಾಕ ತಲ್ಯಾಗಿಂದ ಹುಕುಂ ಬರಬೇಕೇನ್ರಿ ಸಾಹೇಬ್ರ? ನಮ್ಮ ಕುರಿಗೆ ಯಾವ ಹುಕುಮೂ ಬ್ಯಾಡ ನೋಡ್ರಿ,” ಎಂದು ಕೆರೆಯ ಕಾವಲುಗಾರ ಅಮೋಗಸಿದ್ಧ ನಗುತ್ತಿದ್ದ.

“ನಿನ್ನ ಕುರಿಗೂ ಬರ್ತೈತಿ. ನಿನಗ ಕೇಳಸಂಗಿಲ್ಲ ಅಷ್ಟ.”

ಹೊತ್ತು ಮುಳುಗಿದರೆ ಅಮೋಗಸಿದ್ಧ ಕುರಿ ಹೊಡೆದುಕೊಂಡು ಮನೆಗೆ ಹೋಗುತ್ತಿದ್ದ. ತಗಡಿನ ಖೋಲಿಯಲ್ಲಿ ಸಾತಲಿಂಗಪ್ಪ ಒಬ್ಬನೇ ಒಣಗಿದ ರೊಟ್ಟಿ ಮುರಿಯುತ್ತ ಕೂಡುತ್ತಿದ್ದ. ವಾಗದರಿಯವರಿಗೆ ಅವನು ಮೀನ ಸಾಹೇಬ, ಮನೆಯವರಿಗೆ ಕಾಲುವೆ ಸಾಹೇಬ. ಪೂರ್ತಿ ಸಾತಲಿಂಗಪ್ಪ ಯಾರಿಗೂ ಬೇಕಾಗಿರಲಿಲ್ಲ. ಅದಕ್ಕೇ ಒಂದು ನಿಶ್ಚಯ ಮಾಡಿಕೊಂಡಿದ್ದ. ಈ ಸಲ ತತ್ತಿ ಬಿದ್ದು ಮರಿಯಾದರೆ, ಗಾಜಿನ ಗ್ಲಾಸಿನಲ್ಲಿ ನಾಲ್ಕು ಮರಿ ಹಾಕಿಕೊಂಡು ಹೋಗಿ ತಾಯಿಯ ಮುಂದಿಡುವುದು. ಕೊಲ್ಲುವ ಕೆಲಸ ಅಲ್ಲವ್ವಾ, ಹುಟ್ಟಿಸುವ ಕೆಲಸ ಎಂದು ಹೇಳಿಬಿಡುವುದು.

ಸೊಲ್ಲಾಪುರದ ಮೀನಿನ ಬಜಾರಿನಲ್ಲಿ ಎರಡು ತಿಂಗಳು ತಲೆ ಒಡೆಸಿ ನಲವತ್ತು ಗ್ರಂಥಿ ಕೂಡಿಸಿದ್ದ. ಕೆಡಬಾರದೆಂದು ಅವನ್ನು ಸಣ್ಣ ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲಿನಲ್ಲಿ ಮುಳುಗಿಸಿ ಇಟ್ಟಿದ್ದ. ಕೊನೆಯ ಸಲ ಬಸ್ಸು ತಪ್ಪಿ ಒಂದು ರಾತ್ರಿ ಮನೆಯಲ್ಲಿ ಉಳಿದ. ಬಾಟಲಿ ಅವನ ಟ್ರಂಕಿನಲ್ಲಿತ್ತು.

ಒಂದು ವಾರದ ಮೇಲೆ ಮಳೆ ಹಿಡಿಯಿತು. ಹೊಟ್ಟೆ ಉಬ್ಬಿದ ಒಂದು ಹೆಣ್ಣು, ಎರಡು ಗಂಡು ಹಿಡಿದು ನೀರಿನಲ್ಲಿ ಕಟ್ಟಿದ ಅರಿವೆಯ ಗೂಡಿನೊಳಗೆ ಬಿಟ್ಟರು. ಸಾತಲಿಂಗಪ್ಪ ಬಾಟಲಿಯ ಬಿರಡೆ ತೆಗೆದ. ಮೂಗಿಗೆ ಹತ್ತಬೇಕಾದ ಘಾಟು ಇಲ್ಲ, ಕೊಳೆತ ನಾತ. ಬಿರಡೆಗೆ ಬಿಲ್ವಪತ್ರೆಯ ಚೂರೊಂದು ಅಂಟಿತ್ತು. ಟ್ರಂಕು ಮನೆಯಲ್ಲಿದ್ದ ಆ ರಾತ್ರಿ ನೆನಪಾಯಿತು. ವಾಗದರಿಯ ಕೆರೆಗೆ ಬಿಲ್ವಪತ್ರೆ ಎಲ್ಲಿಂದ ಬರಬೇಕು?

ಆದರೂ ಅರೆದ. ಸೂಜಿ ಹಾಕಿದ. ಮರುದಿನ ಬೆಳಿಗ್ಗೆ ಅಮೋಗಸಿದ್ಧ ನಡುಮಟ ನೀರಲ್ಲಿ ನಿಂತು ಗೂಡು ತಡಕಿದ.

“ಏನೂ ಇಲ್ರಿ ಸಾಹೇಬ್ರ.”

ಹೆಣ್ಣು ಮೀನು ಉಬ್ಬಿದ ಹೊಟ್ಟೆಯಲ್ಲೇ ಮೂಲೆಗೆ ನಿಂತಿತ್ತು. ಇನ್ನು ಕೆಲವು ವಾರದಲ್ಲಿ ಆ ತತ್ತಿಯೆಲ್ಲ ಒಳಗೊಳಗೇ ಕರಗಿಹೋಗುತ್ತದೆಂದು ಅವನಿಗೆ ಗೊತ್ತಿತ್ತು.

ಸಿಟ್ಟಿನಲ್ಲೇ ಸೊಲ್ಲಾಪುರದ ಬಸ್ಸು ಹತ್ತಿದ. ಇವತ್ತು ಎಲ್ಲ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದುಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತ.

“ಯವ್ವಾ, ನನ್ನ ಬಾಟ್ಲಿ ಮುಟ್ಟಿದ್ದೇನು?”

ಸುಮಿತ್ರಾಬಾಯಿ ಅಂಗಡಿಯ ಕಡೆ ನೋಡಿ ಬಾಗಿಲು ಮುಂದೆ ಮಾಡಿದಳು. ಕಣ್ಣಲ್ಲಿ ಆಗಲೇ ನೀರು.

“ನಿಮ್ಮಪ್ಪಗ ಹೇಳಿಲ್ಲಪಾ. ಅರಿವಿ ಒಗಿಯಾಕಂತ ಟ್ರಂಕ್ ತಗದರ ದಾರೂ ವಾಸನಿ. ದಾರೂಬಂದಿ ಐತಿ, ಪೊಲೀಸರು ಹಿಡದ್ರ ಮನಿ ಮಾನ ಹೋಗ್ತಿತ್ತಲ್ಲೊ. ಚೆಲ್ಲಿಬಿಟ್ಟೆ. ಸಿದ್ಧರಾಮನ ಗುಡಿ ತೀರ್ಥ ತುಂಬಿ ಇಟ್ಟೀನಿ. ಕುಡದ್ರ ತೀರ್ಥರ ಹೋಗಲಿ ಹೊಟ್ಟ್ಯಾಗ ಅಂದೆ.”

“ತಳದಾಗ ಕಾಳು ಇದ್ವಲ್ಲ?”

“ಎಂತಾವೋ ಮಸಾಲಿ ಕಾಳು ಅಂತ ತಿಳದೆ. ಬಾಯಾಗ ಸಿಕ್ಕು ಬೀಳವಲ್ವು. ಬೆರಳಿಲೆ ಒಳಗ ನೂಕಿ ಹಂಗ ಬಿಟ್ಟೆ.”

ಖರೆ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಾಯಿಯ ಬೆರಳು ಕಂಡವು. ದಿನಾ ಲಿಂಗ ತೊಳೆಯುವ ಬೆರಳು. ಅವು ಮೀನಿನ ತಲೆಯೊಳಗಿನ ಗ್ರಂಥಿ ಮುಟ್ಟಿವೆ ಎಂದು ಹೇಳಿದರೆ ಈ ಮುದುಕಿ ಆ ಕೈ ಎಷ್ಟು ತೊಳೆದಾಳು? ಯಾವ ನೀರಿಗೆ ಹೋದಾಳು? ಕುಡುಕ ಮಗನನ್ನು ಅವಳು ಹೇಗೋ ನುಂಗಿಕೊಂಡಿದ್ದಳು.

“ಇನ್ನ ಕುಡಿಯಂಗಿಲ್ಲಂತ ಲಿಂಗ ಮುಟ್ಟಿ ಹೇಳು.”

ಎಂದೂ ಕುಡಿಯದವನಿಗೆ ಆಣೆ ಎಷ್ಟರದು? ಲಿಂಗ ಮುಟ್ಟಿ ಹೇಳಿದ. ಸುಮಿತ್ರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಮಗನನ್ನು ಒಲೆಯ ಮುಂದೆ ಕೂಡಿಸಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು. ಅವನು ಉಣ್ಣುವುದನ್ನೇ ನೋಡುತ್ತ ಕುಳಿತಳು.

“ನಾಕ ವರ್ಷಾತು, ಬಂದಾಗೊಮ್ಮೆ ಏನೋ ಹೊಟ್ಟ್ಯಾಗ ಇಟಗೊಂಡಾವ್ರಂಗ ಇರ್ತಿದ್ದಿ. ಈಗ ಹಗುರಾತಿಲ್ಲೊ ಯಪ್ಪಾ?”

“ಹೂನವ್ವಾ, ಹಗುರಾತು,” ಎಂದ ಸಾತಲಿಂಗಪ್ಪ.