ಯೋದ್ಯಾರ್ ಸಡಿಲ

ನೋಯ್ಡಾದ ಮೊಬೈಲ್ ಚಾರ್ಜರ್ ಫ್ಯಾಕ್ಟರಿಯಲ್ಲಿ ಪ್ರೇರಣಾ ದುಭಾಷಿ. ಐದು ವರ್ಷ ತಲೆ ಕೆಡಿಸಿಕೊಂಡು ಚೀನೀ ಭಾಷೆ ಕಲಿತವಳು. ಆದರೆ ಮ್ಯಾನೇಜರ್ ಚಂದ್ರಮೋಹನರಿಗೆ ಅವಳಿಂದ ಬೇಕಾಗಿದ್ದುದು ಒಂದೇ ಮಾತು: ಯೋದ್ಯಾರ್. ಒಂಚೂರು ಅಂತ. ಚೀನಾದವರು ಏನಾದರೂ ದೂರು ಹೇಳುವಾಗ ಅದನ್ನು ಮುಂದಿಟ್ಟುಕೊಳ್ಳುತ್ತಾರೆ. ಊಟ ಒಂಚೂರು ಖಾರ, ರೂಮು ಒಂಚೂರು ಸೆಕೆ. ಕೇಳಿದವರಿಗೆ ಬೇಜಾರಾಗುವುದಿಲ್ಲ. ಟೀ ಕುಡಿಯುತ್ತಾ ಇದನ್ನು ಅವರಿಗೆ ಹೇಳಿಕೊಟ್ಟವಳು ಪ್ರೇರಣಾಳೇ. ಎಡವಟ್ಟಾಗಿದ್ದೇ ಅಲ್ಲಿ. ಆಮೇಲೆ ಆ ಮಹಾನುಭಾವರು ಹಿಡಿದ ಪಟ್ಟು ಬಿಡಲಿಲ್ಲ. ಸರಕು ಇಪ್ಪತ್ತು ದಿನ ತಡವಾದರೂ ಯೋದ್ಯಾರ್ ತಡ.

ಮಾರ್ಚಿನಲ್ಲಿ ಮಷೀನುಗಳನ್ನು ನೋಡಲು ಚೀನಾದ ಇಂಜಿನಿಯರ್ ಲಿಯು ಬಂದಿದ್ದ. ಪ್ಲಾಸ್ಟಿಕ್ ಅಚ್ಚು ಒತ್ತುವ ಮೂರನೇ ಮಷೀನಿನಲ್ಲಿ ಕೈ ಸಿಕ್ಕದಂತೆ ಕಾಯುವ ಬಾಗಿಲು ಮುಚ್ಚುತ್ತಲೇ ಇರಲಿಲ್ಲ, ಆದರೂ ಓಡಿಸುತ್ತಿದ್ದರು. ಚಂದ್ರಮೋಹನರು ಹೇಳಿದಂತೆ, ಬಾಗಿಲು ಯೋದ್ಯಾರ್ ಸಡಿಲ ಎಂದಳು ಪ್ರೇರಣಾ. ಲಿಯು ತಲೆಯಾಡಿಸಿ ಹೋದ. ಏಪ್ರಿಲಿನಲ್ಲಿ ಅದೇ ಮಷೀನಿಗೆ ಸಿಕ್ಕಿ, ಅದನ್ನು ನಡೆಸುವ ಲೀಲಾಳ ಎರಡು ಬೆರಳು ಹೋದವು.

ಜೂನಿನಲ್ಲಿ ಲಿಯು ಮತ್ತೆ ಬಂದ. ಬಾಗಿಲಿಗೆ ತಂತಿ ಸುತ್ತಿ ಹಾಗೇ ಬಿಟ್ಟಿದ್ದರು. ಬ್ಯಾಂಡೇಜು ಬಿಚ್ಚಿ ವಾರವಾಗಿಲ್ಲ, ಲೀಲಾಳನ್ನು ಅದೇ ಮಷೀನಿನ ಮುಂದೆ ನಿಲ್ಲಿಸಿದ್ದರು.

ಚಂದ್ರಮೋಹನರು, ಅಲ್ಲಿ ತಮ್ಮಿಬ್ಬರಿಗೇ ಗೊತ್ತಿದ್ದ ಕನ್ನಡದಲ್ಲಿ ಮೆಲ್ಲಗೆ ಅಂದರು: "ನೋಡಮ್ಮ, ಇದು ನಿಂತ್ರೆ ಆರ್ಡರ್ ಕೈ ತಪ್ಪುತ್ತೆ. ಯೋದ್ಯಾರ್ ಅಂದು ಮುಗಿಸು, ಚಲೋ."

ಪ್ರೇರಣಾ ಲೀಲಾಳ ಹತ್ತಿರ ಹೋಗಿ, ಕೈ ತೋರಿಸುತ್ತೀಯಾ ಎಂದು ಹಿಂದಿಯಲ್ಲಿ ಕೇಳಿದಳು. ಲೀಲಾ ಕೈ ಚಾಚಿದಳು. ಈ ಬಾಗಿಲು ಮುಚ್ಚುವುದೇ ಇಲ್ಲ, ಇವಳ ಬೆರಳು ಹೋದದ್ದು ಇದರಿಂದಲೇ, ಹೋದ ಸಲ ನಾನು ನಿಮ್ಮಿಂದ ನಿಜ ಮುಚ್ಚಿಟ್ಟೆ, ಅದು ನನ್ನ ತಪ್ಪು ಎಂದು ಚೀನೀ ಭಾಷೆಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ಲಿಯು ಆ ಕೈಯನ್ನೇ ನೋಡಿದ. ಆಮೇಲೆ ತಾನೇ ಹೋಗಿ ಕೆಂಪು ಗುಂಡಿ ಒತ್ತಿದ. ಮಷೀನು ನಿಂತಿತು.

ಚಂದ್ರಮೋಹನರಿಗೆ ಚೀನೀ ಭಾಷೆ ಬಾರದು. ಆದರೆ ತಮಗೆ ಗೊತ್ತಿದ್ದ ಆ ಒಂದು ಮಾತು ಬರಲೇ ಇಲ್ಲ ಎನ್ನುವುದು ಅವರಿಗೆ ತಿಳಿದಿತ್ತು. ಮುಖ ಕೆಂಪಗಾಗಿ, ಕೆಲಸ ಹೋಗುತ್ತೆ ಅನ್ನೋ ಭಯ ಇಲ್ವಾ ನಿಂಗೆ ಎಂದು ಕೇಳಿದರು.

ಪ್ರೇರಣಾ ಕತ್ತಿನಲ್ಲಿದ್ದ ಐಡಿ ಕಾರ್ಡು ತೆಗೆದು ಅವರ ಕೈಯಲ್ಲಿಟ್ಟಳು.

"ಇದೆ ಸಾರ್," ಎಂದಳು. "ಯೋದ್ಯಾರ್."