ತೊಟ್ಟಿಲಿನ ನಾಲ್ಕನೇ ಕಂಬ

ಮಾಲೂರಿನಲ್ಲಿ ಮನೆಯ ಹಿತ್ತಲಿಗೆ ಕರೆಂಟು ಎಳೆಸಿ, ಮರವನ್ನು ತಿರುಗಿಸಿ ದುಂಡಗೆ ಕಡೆಯುವ ಮೋಟಾರಿನ ಕಡಚಲು ಯಂತ್ರ ಇಟ್ಟ ಬಡಗಿ ವೆಂಕಟರಾಯಪ್ಪ ಒಬ್ಬನೇ. ಸಾವಿರದ ಒಂಬೈನೂರ ನಲವತ್ತೊಂದರ ವಿಜಯದಶಮಿಯ ದಿನ ಅವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮರುದಿನ ಟೇಕಲ್‌ನಲ್ಲಿ, ಹೆಂಡತಿಯ ತವರಿನಲ್ಲಿ, ಚೊಚ್ಚಲ ಮಗಳ ನಾಮಕರಣ. ತೊಟ್ಟಿಲು ತನ್ನದೇ, ಅದೂ ಮೋಟಾರಿನಲ್ಲಿ ಕಡೆದದ್ದು ಎಂದು ಮಾವನ ಮುಂದೆ ಜಂಬ ಕೊಚ್ಚಿಬಿಟ್ಟಿದ್ದ. ಮಾವ ಕೋದಂಡರಾಮಪ್ಪನವರು ನಲವತ್ತು ವರ್ಷ, ಹಗ್ಗ ಎಳೆದು ತಿರುಗಿಸುವ ಕಡಚಲಿನಲ್ಲಿ ಮರ ಕಡೆದವರು. ಸಂಜೆ ರೈಲಿಗೆ ತೊಟ್ಟಿಲು ಒಯ್ಯಲೆಂದು ಬೆಳಿಗ್ಗೆಯೇ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ನಾಲ್ಕು ಮೂಲೆಗಂಬಗಳಲ್ಲಿ ಮೂರು ಆಗಿದ್ದವು, ಒಂದು ಬಾಕಿ.

ಹಿಂದಿನ ದಿನ ಆಯುಧಪೂಜೆ. "ತೊಳೀದೆ ವಿಭೂತಿ ಹಚ್ಚಬಾರದು ಕಣೋ" ಎಂದು ತಾಯಿ ಮುತ್ಯಾಲಮ್ಮ ಪಟ್ಟು ಹಿಡಿದದ್ದಕ್ಕೆ ಅವನು ಯಂತ್ರ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟಿದ್ದ. ಆಕೆ ಮೋಟಾರಿನಿಂದ ಯಂತ್ರವನ್ನು ತಿರುಗಿಸುವ ಚರ್ಮದ ಬೆಲ್ಟನ್ನೂ ಬಿಡದೆ ಸೀಗೆಪುಡಿ ಹಾಕಿ ತಿಕ್ಕಿದ್ದಳು. ನೆಂದ ಬೆಲ್ಟು ಜಗ್ಗಿ ಸಡಿಲವಾಯಿತು. ವೆಂಕಟರಾಯಪ್ಪ ಅದನ್ನು ನಡುವೆ ಕತ್ತರಿಯ ಹಾಗೆ ಅಡ್ಡ ಹಾಯಿಸಿ ಹಾಕಿದ. ಬಿಗಿಯಾಯಿತು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ಈಗ ನಾಲ್ಕನೇ ಕಂಬಕ್ಕೆ ಉಳಿ ತಾಗಿಸಿದ್ದೇ ತಡ, ಅದು ಮೇಲಕ್ಕೆ ಚಿಮ್ಮಿತು. ಯಂತ್ರದ ತುದಿಯಲ್ಲಿ ಮರ ಕಚ್ಚಿ ಹಿಡಿದಿದ್ದ ಕಬ್ಬಿಣದ ಬಟ್ಟಲು ತಿರುಪು ಬಿಚ್ಚಿಕೊಂಡು, ಮರದ ಸಮೇತ ಪಾದದ ಪಕ್ಕ ಧೊಪ್ಪೆಂದು ಬಿತ್ತು. ಬಿಗಿ ಮಾಡಿದ, ಮತ್ತೆ ಬಿತ್ತು. ಉಳಿ ಮಸೆದ. ಎಣ್ಣೆ ಜಾಸ್ತಿಯಾಯಿತೆಂದು ಒರೆಸಿದ. ಸೀಗೆಪುಡಿಗೆ ಹಿಡಿಶಾಪ ಹಾಕಿದ. ನಾಲ್ಕನೇ ಸಲ ಬಿದ್ದಾಗ ಮರ ಸೀಳಿಹೋಯಿತು. ಉಳಿದದ್ದು ಒಂದೇ ಹಲಸಿನ ತುಂಡು, ಗಂಟೆ ಆಗಲೇ ಮೂರು. ಬರಿಗೈಯಲ್ಲಿ ಹೋಗಿ ಮಗಳ ಮುಖ ನೋಡುವುದು ಹೇಗೆ? ಕಡಚಲಿನಲ್ಲೇ ತಲೆ ನೆರೆಸಿಕೊಂಡವರು ಎದುರಿಗೇ ಕೂತಿದ್ದರು. ಕೇಳಲು ಮಾತ್ರ ಜಂಬ ಬಿಡಲಿಲ್ಲ. ಹಗ್ಗದವರಿಗೆ ಕರೆಂಟಿನ ವಿಷಯ ಏನು ಗೊತ್ತು?

ಕೊನೆಗೆ ಮಾವನೇ ಎದ್ದು ಬಂದರು.

"ಅಳಿಯಂದ್ರೆ, ತಪ್ಪು ತಿಳೀಬೇಡಿ. ನಮ್ ಹಗ್ಗ ಒಂದ್ಸಲ ಮುಂದಕ್ಕೆ ತಿರುಗಿಸ್ತೈತೆ, ಒಂದ್ಸಲ ಹಿಂದಕ್ಕೆ. ಮುಂದಿನ ಎಳೆತಕ್ಕೆ ಉಳಿ ಇಡ್ತೀವಿ, ಹಿಂದಿನದಕ್ಕೆ ಎತ್ಕೋತೀವಿ. ನಿಮ್ ಮೋಟಾರು ಬೆಳಿಗ್ಗೆಯಿಂದ ಬರೀ ಹಿಂದಕ್ಕೇ ತಿರುಗ್ತೈತಲ್ಲ."

ವೆಂಕಟರಾಯಪ್ಪ ಅಡ್ಡ ಹಾಯಿಸಿದ ಬೆಲ್ಟನ್ನು ನೋಡಿದ. ಹಾಗೆ ಹಾಕಿದ್ದಕ್ಕೇ ಯಂತ್ರ ಉಲ್ಟಾ ತಿರುಗುತ್ತಿತ್ತು. ಅವನ ಕಿವಿ ಬಿಸಿಯಾಯಿತು. ಬೆಲ್ಟನ್ನು ನೆಟ್ಟಗೆ ಹಾಕಿ, ಮೋಟಾರು ಕೂತ ಹಲಗೆಗೆ ಬೆಣೆ ಹೊಡೆದು ಬೆಲ್ಟಿನ ಸಡಿಲ ತೆಗೆದ. ಗುಂಡಿ ಒತ್ತಿದ. ಉಳಿ ಕಚ್ಚಿತು, ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿತು, ಬಟ್ಟಲು ಅಲುಗಲಿಲ್ಲ. ಅವನಿಗೆ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಕೈ ತಡೆದು, ಉಳಿಯನ್ನು ಮಾವನಿಗೆ ಚಾಚಿದ.

"ಈ ಕಂಬ ನೀವೇ ಕಡೀರಿ ಮಾವ."

ಮುದುಕರು ಪಂಚೆ ಎತ್ತಿ ಕಟ್ಟಿದರು. ಉಳಿ ಇಟ್ಟರು, ಎತ್ತಿದರು, ಇಟ್ಟರು, ಎತ್ತಿದರು. ನಲವತ್ತು ವರ್ಷದ ಕೈ, ಬಾರದೇ ಇದ್ದ ಹಿಂದಿನ ಎಳೆತಕ್ಕೆ ಕಾಯುತ್ತಿತ್ತು. ಹತ್ತಾರು ಸಲ ಹಾಗಾದ ಮೇಲೆ ಎತ್ತುವುದನ್ನು ಮರೆತರು.

"ಇದು ವಾಪಸ್ಸೇ ಬರಲ್ಲವಲ್ಲ ಅಳಿಯಂದ್ರೆ" ಎಂದು ಮಗುವಿನ ಹಾಗೆ ನಕ್ಕರು.

ಸಂಜೆ ರೈಲಿನಲ್ಲಿ ತೊಟ್ಟಿಲಿನ ಭಾಗಗಳೆಲ್ಲ ಗೋಣಿಯಲ್ಲಿದ್ದವು. ನಾಲ್ಕನೇ ಕಂಬವನ್ನು ಮಾತ್ರ ಕೋದಂಡರಾಮಪ್ಪನವರು ಟೇಕಲ್ ಬರುವವರೆಗೂ ಮಡಿಲಿನಿಂದ ಕೆಳಗಿಡಲಿಲ್ಲ.