ನೀಲಿ ಬೋಲ್ಟು

"ಲೇ ಯಲ್ಲೇಶಾ, ಹಿಂಗ ಬಿಚ್ಚಿಕೋತ ಹೋದ್ರ ಕಡೀಕ ಸಾವಕಾರ್ರ ಕೈಯಾಗ ಕೀಲಿ ಒಂದ ಉಳಿತೈತಿ ನೋಡು" ಎಂದ ಭೀಮಶಿ ಕಾಕಾ. ಶೆಡ್ಡಿನ ತೊಲೆಗೆ ನೇತುಬಿದ್ದಿದ್ದ ಮೋಟರ್‌ಸೈಕಲ್ಲನ್ನು ಅವನು ಕೆಳಗಿನಿಂದ ಮೇಲೆ ನೋಡುತ್ತಿದ್ದ.

"ಕೀಲೀನೂ ತಗದೇವ್ರಿ ಕಾಕಾ. ಈಗ ಬರೇ ಗುಂಡಿ ಒತ್ತೂದು" ಎಂದ ಪ್ರತೀಕ. ತನ್ನ ಮಾತಿಗೆ ತಾನೇ ಎಲ್ಲರಿಗಿಂತ ಮೊದಲು ನಕ್ಕ.

ಯಲ್ಲೇಶನಿಗೆ ಮಾತ್ರ ನಗು ಬರಲಿಲ್ಲ. ಅವನ ಕಣ್ಣು ಕಾಟಾದ ಮುಳ್ಳಿನ ಮೇಲಿತ್ತು. ಕುರಿ ತೂಗುವ ಕೊಕ್ಕೆ ಕಾಟಾ ಅದು, ಭೀಮಶಿ ಕಾಕಾನದು. ಸಂತೆಯಲ್ಲಿ ಟಗರು ತೂಗಿ ತೂಗಿ ಅದರ ಕೊಕ್ಕೆ ನುಣ್ಣಗಾಗಿತ್ತು. ಇವತ್ತು ಅದಕ್ಕೆ ನೇತುಬಿದ್ದಿದ್ದು ಹುಕ್ಕೇರಿಯ ಅಡತಿ ಅಂಗಡಿ ಭೂಪಾಲ ಸಾವಕಾರರ ಮಗ ಪ್ರತೀಕನ ಗಾಡಿ. ಗುಡ್ಡ ಹತ್ತುವ ಎತ್ತರದ ಗಾಡಿಗೆ ಡಾಂಬರಿನ ಮೇಲೆ ಓಡುವ ಸಣ್ಣ, ಅಗಲ ಚಕ್ರ ಹಾಕಿದರೆ ಅದಕ್ಕೆ ಸೂಪರ್‌ಮೋಟೋ ಅನ್ನುತ್ತಾರೆ. ರೇಸಿನಲ್ಲಿ ಅರ್ಧ ದಾರಿ ಡಾಂಬರು, ಅರ್ಧ ದಾರಿ ಮಣ್ಣು. ಬರುವ ಭಾನುವಾರ ಕೊಲ್ಹಾಪುರದ ಹತ್ತಿರ ಅಂಥದ್ದೊಂದು ರೇಸಿತ್ತು. ಗಾಡಿ ಎಷ್ಟು ಹಗುರವೋ ತಿರುವಿನಲ್ಲಿ ಅಷ್ಟು ಸಲೀಸು ಎಂದು ಪ್ರತೀಕ ತಿಂಗಳಿಂದ ಯಲ್ಲೇಶನ ಬೆನ್ನು ಹತ್ತಿದ್ದ.

ಹೆದ್ದಾರಿ ಬಾಜೂ ಹತ್ತರಗಿಯಲ್ಲಿ ಯಲ್ಲೇಶನ ಶೆಡ್ಡು. ಕೆಲಸವನ್ನು ಅವನಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಕೆಟ್ಟ ಗಾಡಿಗಳೇ ಕಲಿಸಿದವು. ಅದಕ್ಕೋ ಏನೋ, ಅವನಿಗೆ ಅಂಜಿಕೆ ಜಾಸ್ತಿ. ಕೆಲಸ ಮುಗಿದ ಗಾಡಿ ರಸ್ತೆಗೆ ಇಳಿದ ಮೇಲೂ ಅದರ ಸದ್ದು ಕೇಳಿಸುವಷ್ಟು ಹೊತ್ತು ಕಿವಿಗೊಟ್ಟು ನಿಲ್ಲುತ್ತಿದ್ದ.

ಗಾಡಿಯಿಂದ ಹಾರ್ನು ಹೋಯಿತು, ಕನ್ನಡಿ ಹೋದವು, ಹೆಡ್‌ಲೈಟು ಹೋಯಿತು. ಹಿಂದೆ ಕೂತವರು ಕಾಲಿಡುವ ಕಡ್ಡಿ ಹೋದವು. ಸೀರೆ ಗಾರ್ಡು ಬಿಚ್ಚಿದ ದಿನ ಭೀಮಶಿ ಕಾಕಾ ಅದನ್ನು ಕೈಯಲ್ಲಿ ತೂಗಿ ನೋಡಿ, "ಲಗ್ನ ಆದಮ್ಯಾಲ ಇದನ್ನ ವಾಪಸ್ ಕೇಳಾಕ ಬರ್ತೀರಿ, ಸಾವಕಾರ. ತಗದ ಇಟ್ಟಿರ್ತೇನಿ" ಅಂದಿದ್ದ. ಕಾಕಾನ ಊರು ಮೂಡಲಗಿ ಕಡೆಯ ಕುಲಗೋಡ. ಈಗ ಹುಕ್ಕೇರಿ ರಸ್ತೆಯ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ. ಕುರಿಗಳ ಹತ್ತಿರ ಹೆಂಡತಿ ಸತ್ತೆವ್ವನನ್ನು ಬಿಟ್ಟು, ಮೊಬೈಲು ಚಾರ್ಜು ಮಾಡುವ ನೆಪದಲ್ಲಿ ಅಣ್ಣನ ಮಗನ ಶೆಡ್ಡಿಗೆ ದಿನಾ ಬರುತ್ತಿದ್ದ. ಚಹಾ ಕುಡಿದು ಸುಮ್ಮನೆ ಕೂರುವ ಜೀವವಲ್ಲ. ಬೋಲ್ಟು ತಿರುವುವ ಪಾನಾ ಕೊಟ್ಟರೆ ಪಾನಾ, ಚಿಂದಿ ಕೊಟ್ಟರೆ ಚಿಂದಿ, ಏನಾದರೂ ಕೈಯಲ್ಲಿ ಬೇಕು.

ಮುಳ್ಳು ನಿಂತಿತು. "ನೂರಾ ಹದಿನೇಳು!" ಎಂದು ಪ್ರತೀಕ ಕುಣಿದ. "ಇನ್ನ ನನ್ನ ತೂಕ ನೋಡ್ರಿ ಕಾಕಾ."

"ಬರ್ರಿ ಮತ್ತ, ಟಗರಿನ ಜೋಲಿಯೊಳಗ ಕುಂದರ್ರಿ. ಒದರಬಾರ್ದು ಅಷ್ಟ."

ಗಾಡಿಯನ್ನು ಕೊಕ್ಕೆಯಿಂದ ಇಳಿಸಿದ ಮೇಲೆ ಪ್ರತೀಕ ಕಿಸೆಯೊಳಗಿನದೆಲ್ಲ ತೆಗೆದು ಬೆಂಚಿನ ಮೇಲಿಟ್ಟ. ಪಾಕೀಟು, ಕೈಗಡಿಯಾರ, ಮೊಬೈಲು. ಜೋಲಿಯಲ್ಲಿ ನೇತಾಡಿ, ನಕ್ಕು, ಇಳಿದ. ಇಳಿದವನು ಬಾಗಿಲಾಚೆ ನೋಡಿ ಗಾಬರಿಯಾದ. ಬಿಸಿಲು ಆಗಲೇ ಹಳದಿಗೆ ತಿರುಗಿತ್ತು. ಅವರದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಯಾರ ಬಾಯಿಗೂ ಅಗುಳು ಹೋಗುವುದಿಲ್ಲ. ಮಗ ಉಪವಾಸ ಮಲಗಿದರೆ ತಾಯಿಗೆ ನಿದ್ದೆ ಹತ್ತುವುದಿಲ್ಲ. ದಿನಾ ಗಾಡಿಯನ್ನು ಹೊತ್ತುಕೊಂಡು ಹೋಗುತ್ತಿದ್ದ ಅಂಗಡಿಯ ಟೆಂಪೋ ಇವತ್ತು ಮಾಲು ಹಾಕಿಕೊಂಡು ಎಲ್ಲೋ ಹೋಗಿತ್ತು.

"ಓಡಿಸಿಕೊಂಡ ಹೋಗ್ತೇನಿ ಯಲ್ಲೇಶಾ. ಬೆಳಕ ಇರತನ ಮುಟ್ತೇನಿ."

"ಒಂದ್ಸಲ ಎಲ್ಲಾ ನೋಡಿ ಕೊಡ್ತೇನಲ್ಲ, ಹತ್ತ ಮಿನಿಟು..."

"ನಾಳೆ ನೋಡೂಣಂತ!" ಗಾಡಿ ಗುಡುಗಿತು. ಶೆಡ್ಡಿನ ಮುಂದೆ ಒಂದು ಸುತ್ತು ಹೊಡೆದು, ಬ್ರೇಕು ಹಿಡಿದು ನಿಂತು ತೋರಿಸಿ, ಪ್ರತೀಕ ಹುಕ್ಕೇರಿ ರಸ್ತೆ ಹಿಡಿದ.

ಸದ್ದು ಕರಗುವವರೆಗೂ ಯಲ್ಲೇಶ ನಿಂತ. ಆಮೇಲೆ ಬಿಚ್ಚಿದ ಬೋಲ್ಟುಗಳ ಡಬ್ಬಿ ಎತ್ತಿಕೊಂಡ. ಕಬ್ಬಿಣದ ಬೋಲ್ಟು ತೆಗೆದು ಅಲ್ಯುಮಿನಿಯಂ ಬೋಲ್ಟು ಹಾಕುವುದು ಹಗುರ ಮಾಡುವ ಕಡೆಯ ಕೆಲಸ. ಪ್ರತೀಕ ತರಿಸಿದ ಆ ಪೆಟ್ಟಿಗೆಯಲ್ಲಿ ಎಲ್ಲವೂ ನೀಲಿ ಬಣ್ಣದವು, ಬಳೆ ಅಂಗಡಿಯ ಸಾಮಾನಿನಂತೆ ಮಿನುಗುವಂಥವು. ಇವತ್ತು ಬೆಳಿಗ್ಗೆ ಯಲ್ಲೇಶ ಗೋಕಾಕಕ್ಕೆ ಹೋಗಬೇಕಾಗಿ ಬಂದಿತ್ತು. ಅಲ್ಲಿ ದುರ್ಗಪ್ಪನ ಲೇತಿನಲ್ಲಿ ಹಿಂದಿನ ಚಕ್ರದ ಹಲ್ಲುಗಾಲಿ ಹಗುರಾಗಲೆಂದು ಅದಕ್ಕೆ ತೂತು ಹೊಡೆಸುವುದಿತ್ತು. ಸೀಟು, ಮಡ್‌ಗಾರ್ಡು, ಇಂಜಿನ್ನಿನ ಮುಚ್ಚಳ ಇವುಗಳ ಬೋಲ್ಟು ಬದಲಾಯಿಸು ಅಂತ ಕಾಕಾನಿಗೆ ಹೇಳಿ ಹೋಗಿದ್ದ.

ಡಬ್ಬಿಯನ್ನು ಬೆಂಚಿನ ಮೇಲೆ ಸುರಿದ. ಗಿಡ್ಡ ಬೋಲ್ಟುಗಳ ನಡುವೆ ಎರಡು ಉದ್ದನೆಯವು ಉರುಳಿ ಬಂದವು. ಕಪ್ಪಗೆ, ದಪ್ಪಗೆ. ತಿರುಪಿನ ಎಳೆಯ ಮೇಲೆ ಒಣಗಿದ ಅಂಟು.

ಯಲ್ಲೇಶ ಎರಡನ್ನೂ ಎತ್ತಿ ಹಿಡಿದ. "ಕಾಕಾ. ಇವು ಎಲ್ಲೀವು?"

"ಮುಂದಿನ ಗಾಲಿ ಬಾಜೂದಾವು. ಯಾಕಲೇ?"

"ಮುಂದಿನ ಬ್ರೇಕಿಂದು! ಅವನ್ಯಾಕ ಬಿಚ್ಚಿದಿ? ನಾ ಹೇಳಿದ್ನೇನು?"

"ಬಿಚ್ಚಬ್ಯಾಡ ಅಂತೂ ಹೇಳಿರ್ಲಿಲ್ಲ" ಎಂದ ಕಾಕಾ. ಅವನ ಮುಖ ಸಣ್ಣದಾಯಿತು. "ಎಲ್ಲಾ ನೀಲಿ ಆಗಿದ್ವು, ಇವೆರಡ ಕರೇವು ಉಳದಿದ್ವು. ಪೆಟ್ಟಿಗ್ಯಾಗ ಎರಡ ನೀಲೀವೂ ಇದ್ವು, ಅಳತಿನೂ ಸರಿ ಕುಂತ್ವು. ಅರ್ಧ ಉಣ್ಣಿ ಕತ್ತರಿಸಿದ ಕುರಿ ಹಟ್ಟಿ ದಾಟಬಾರ್ದಲ್ಲೋ. ಪೂರಾ ಮಾಡೂಣ ಅಂತ..."

ಯಲ್ಲೇಶನಿಗೆ ಗೊತ್ತಿತ್ತು, ಅವರ ಮನೆತನದ ಕೈಗಳೇ ಅಂಥವು. ಉಣ್ಣೆ ಕತ್ತರಿಸಲು ಕುಳಿತಾಗ ಮಳೆ ಬರಲಿ, ಬೀಗರು ಬರಲಿ, ಹಿಡಿದ ಕುರಿ ಮುಗಿಯದೆ ಕತ್ತರಿ ಕೆಳಗಿಡುವುದಿಲ್ಲ. ಬ್ರೇಕಿನದು ಯಾವಾಗಲೂ ಕಬ್ಬಿಣವೇ ಇರಬೇಕು ಅನ್ನುವುದು ತನಗೆ ಎಷ್ಟು ಸಹಜವಾಗಿತ್ತೆಂದರೆ, ಅದನ್ನು ಬಾಯಿ ಬಿಟ್ಟು ಹೇಳಬೇಕು ಅಂತಲೇ ತೋಚಿರಲಿಲ್ಲ.

"ಇದು ಮುಚ್ಚಳ ಹಿಡಿಯೂ ಬೋಲ್ಟು, ಕಾಕಾ. ಗಾಡಿ ನಿಂದರ್ಸೂ ಬೋಲ್ಟಲ್ಲ. ಜೋರಾಗಿ ಬ್ರೇಕ್ ಹಿಡದ್ರ ಮುರಿತೈತಿ. ಈ ಬೋಲ್ಟ ಹಿಡದಿರೂ ಬ್ರೇಕಿನ ಗಡ್ಡಿ ಕಳಚಿ ಗಾಲಿಯೊಳಗ ಸಿಕ್ತಂದ್ರ, ಗಾಡಿ ಪಲ್ಟಿ."

"ಈಗ ಇಲ್ಲೆ ಹಿಡದ್ರಲ್ಲ, ನಿಂತಿತಲ್ಲ?"

"ಒಂದ್ಸಲ ನಿಲ್ತೈತಿ. ಎರಡ್ಸಲ ನಿಲ್ತೈತಿ. ಮುಂದ?"

ಯಲ್ಲೇಶ ಪ್ರತೀಕನಿಗೆ ಫೋನು ಹಚ್ಚಿದ. ಬೆಂಚಿನ ಮೇಲೆ, ಪಾಕೀಟಿನ ಬಾಜೂ, ಪ್ರತೀಕನ ಮೊಬೈಲು ಗುನುಗುಟ್ಟಿತು.

ಇಬ್ಬರೂ ಅದನ್ನೇ ನೋಡುತ್ತ ನಿಂತರು. ಆ ಫೋನು ಸುಮ್ಮನಾಯಿತು, ಮರುಗಳಿಗೆಗೇ ಮತ್ತೆ ಬಡಿದುಕೊಂಡಿತು. ಈ ಸಲ ಯಲ್ಲೇಶ ಹಚ್ಚಿದ್ದಲ್ಲ. ತೆರೆಯ ಮೇಲೆ 'ಆಯಿ' ಎಂದಿತ್ತು.

ಎತ್ತದೆ ಇರಲು ಆಗಲಿಲ್ಲ. "ನಾ ಯಲ್ಲೇಶ್ರಿ, ಬಾಯಾರ."

"ಯಲ್ಲೇಶಾ? ಪ್ರತೀಕ ಎಲ್ಲಿ?" ಪ್ರತೀಕನ ತಾಯಿ ತಾರಾಬಾಯಿಯ ದನಿ. "ತಾಟ ಹಾಕಿಟ್ಟೇನಿ ಯಪ್ಪಾ. ಹೊತ್ತ ನೋಡು ಎಲ್ಲಿಗಿ ಬಂತು. ಲಗೂ ಬಾ ಅಂತ ಹೇಳು ಅವಂಗ."

"ಹೊಂಟಾರ್ರಿ... ಫೋನ್ ಇಲ್ಲೇ ಬಿಟ್ಟಾರ್ರಿ. ಸಾವಕಾಶ ಬರ್ತಾರ್ರಿ ಬಾಯಾರ."

"ಅಯ್ಯ, ಸಾವಕಾಶ ಅಂದ್ರ? ಹೊತ್ತ ಮುಳುಗ್ತೈತಲ್ಲೋ!"

ಫೋನು ಕಿಸೆಗೆ ಹಾಕಿಕೊಂಡ. ಜೊತೆಗೆ ಎರಡು ಕಪ್ಪು ಬೋಲ್ಟು, ಒಂದು ಪಾನಾ, ಒಂದು ಪಕ್ಕಡ. ಹಳೆಯ ಗಾಡಿ ಒದ್ದು ಚಾಲೂ ಮಾಡುವಷ್ಟರಲ್ಲಿ ಕಾಕಾ ಕೇಳದೆಯೇ ಹಿಂದೆ ಹತ್ತಿ ಕುಳಿತಿದ್ದ.

ಹುಕ್ಕೇರಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರು ಕಟ್ಟಿಕೊಂಡು ತೂರಾಡುತ್ತ ಹೋಗುತ್ತಿತ್ತು. ಎಡಕ್ಕೆ ನುಗ್ಗಿದರೆ ಕಬ್ಬು ಮೈಗೆ ಬಡಿಯುತ್ತಿತ್ತು, ಬಲಕ್ಕೆ ನುಗ್ಗಿದರೆ ಎದುರಿಗೆ ಬಸ್ಸು. ಯಲ್ಲೇಶ ಹಾರ್ನು ಒತ್ತಿಯೇ ಒತ್ತಿದ. ಟ್ರ್ಯಾಕ್ಟರಿನವನ ಹಾಡಿನ ಅಬ್ಬರದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಮುಂದೆ, ಕಾಕಾ ಕುರಿ ತರುಬಿದ್ದ ಹೊಲ ದಾಟಿದರೆ, ಕೆರೆಯ ಇಳುಕಲು ಇತ್ತು. ಇಳುಕಲಿನ ತುದಿಗೆ ತಿರುವು. ಪ್ರತೀಕ ತಿರುವು ಕಂಡರೆ ಬಿಡುವವನಲ್ಲ. ಕೊನೆಯ ಗಳಿಗೆಯವರೆಗೂ ಓಡಿಸಿ, ಒಮ್ಮೆಲೇ ಬ್ರೇಕು ಹಿಡಿದು, ಹಿಂದಿನ ಚಕ್ರ ಜಾರಿಸಿ ತಿರುಗುವುದೇ ಆ ಗಾಡಿಯ ಗಮ್ಮತ್ತು ಎಂದು ಅವನೇ ಹೇಳುತ್ತಿದ್ದ.

ಹಿಂದೆ ಕುಳಿತ ಕಾಕಾ ಫೋನಿನಲ್ಲಿ ಒದರುತ್ತಿದ್ದ. "ಏ ಸತ್ತೆವ್ವಾ! ಎತ್ತರದ ಗಾಡಿ ಬರ್ತೈತಿ, ಸಾವಕಾರ್ರ ಹುಡುಗ! ಕುರಿ ಎಲ್ಲಾ ರೋಡಿಗಿ ಹೊಡಿ! ತಡಿ ಅವನ್ನ! ಇಳುಕಲ ಮುಟ್ಟೂದ್ರಾಗ!"

ಯಲ್ಲೇಶ ಕತ್ತು ಹೊರಳಿಸಿ ಒದರಿದ. "ಕಾಕಾ, ಬ್ಯಾಡ! ಕುರಿ ಅಡ್ಡ ಬಂದ್ರ ಅಂವ ಬ್ರೇಕ್ ಹಿಡೀತಾನ! ಅದ ಬ್ಯಾಡ ಅಂತ ನಾವು ಓಡಾಕತ್ತೇವಿ!"

ಕಾಕಾ ಗಡಬಡಿಸಿ ಮತ್ತೆ ಫೋನು ಹಚ್ಚಿದ. ಬಡಿಯಿತು, ಬಡಿಯಿತು. ಸತ್ತೆವ್ವ ಎತ್ತಲಿಲ್ಲ. ಕುರಿ ಹೊಡೆಯುವವಳ ಕೈಯಲ್ಲಿ ಕೋಲಿರುತ್ತದೆ, ಫೋನು ಎಲ್ಲಿರಬೇಕು?

"ಎತ್ತವಲ್ಲಳೋ" ಎಂದ ಕಾಕಾ, ಅಳುವವನಂತೆ. "ಹಾರ್ನ್ ಸೈತ ತಗದೇವಲ್ಲೋ ಯಪ್ಪಾ. ಕುರಿಗಾದ್ರೂ ಹೆಂಗ ಗೊತ್ತಾಗಬೇಕು."

ಬಸ್ಸು ದಾಟಿತು. ಟ್ರ್ಯಾಕ್ಟರಿನ ಬಾಜೂ ಸಿಕ್ಕ ಒಂದು ಮೊಳ ಜಾಗದಲ್ಲಿ ಯಲ್ಲೇಶ ನುಗ್ಗಿದ. ಆಮೇಲೆ ರಸ್ತೆ ಖಾಲಿ. ಪ್ರತಿ ತಿರುವಿನಲ್ಲೂ ಅವನ ಕಣ್ಣು ಮೊದಲು ಗಟಾರಕ್ಕೆ ಹೋಗುತ್ತಿತ್ತು, ಆಮೇಲೆ ರಸ್ತೆಗೆ. ತಾಟು ಹಾಕಿಟ್ಟುಕೊಂಡು ಕೂತ ತಾರಾಬಾಯಿ ಅವನ ಕಣ್ಣಿನಿಂದ ಸರಿಯುತ್ತಿರಲಿಲ್ಲ.

ಇಳುಕಲಿಗೆ ಇನ್ನೊಂದು ಕೂಗಳತೆ ಇರುವಾಗ ಕಂಡಿತು. ಕುರಿಗಳು ರಸ್ತೆಯ ಮೇಲಿರಲಿಲ್ಲ, ಹೊಲದ ಬದುವಿನ ಆಚೆಗೇ ಇದ್ದವು. ರಸ್ತೆಯ ನಟ್ಟ ನಡುವೆ ಸತ್ತೆವ್ವ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಕರಿ ಕಂಬಳಿ ಹಿಡಿದು. ಅವಳ ಎದುರಿಗೆ, ಸಡಿಲ ಮಣ್ಣಿನ ಬದಿಯಲ್ಲಿ, ಗಾಡಿ ಅಡ್ಡಬಿದ್ದಿತ್ತು. ಅದರ ಪಕ್ಕ ಪ್ರತೀಕ ಕುಳಿತಿದ್ದ. ಕುಳಿತಿದ್ದ! ಯಲ್ಲೇಶ ಗಾಡಿ ನಿಲ್ಲಿಸಿದ್ದೋ ಕೆಡವಿದ್ದೋ ಅವನಿಗೇ ತಿಳಿಯಲಿಲ್ಲ.

"ಏನ ಆಗಿಲ್ಲೋ, ಮೊಣಕೈ ತರಚೈತಿ ಅಷ್ಟ" ಎಂದ ಪ್ರತೀಕ. ಆದರೆ ಅವನ ತುಟಿ ಬಿಳುಚಿಕೊಂಡಿದ್ದವು. "ದೂರದಿಂದ ಸತ್ತೆವ್ವಕಾಕಿ ಕಂಬಳಿ ಬೀಸೂದ ನೋಡಿ ಯಾಕಪಾ ಅಂತ ಸ್ಪೀಡ್ ಕಡಿಮಿ ಮಾಡಿದೆ. ಇಲ್ಲಿ ಬಂದು ಮೆಲ್ಲಕ ಬ್ರೇಕ್ ಒತ್ತಿದೆ. ಟಕ್ ಅಂತು. ಗಾಡಿ ಎಳಕೊಂಡ ಹೋಗಿ ಮಣ್ಣಾಗ ಒಗೀತು."

ಭೀಮಶಿ ಕಾಕಾ ಹೆಂಡತಿಯ ಕಡೆ ನೋಡಿದ. "ಕುರಿ ಹೊಡಿ ಅಂದಿದ್ನಲ್ಲ?"

"ಅಂದಿದ್ದಿ ನೋಡು!" ಸತ್ತೆವ್ವ ಕಂಬಳಿ ಹೆಗಲಿಗೆ ಹಾಕಿಕೊಂಡಳು. "ನಿನ್ನ ಮಾತ ಕೇಳಿ ಕುರಿ ಸಾಯಿಸ್ಲೇನು, ಆ ಹುಡುಗನ್ನ ಸಾಯಿಸ್ಲೇನು? ಅದಕ ನಾನ ನಿಂತೆ. ಕಣ್ಣ ಅದಾವ ಅವಂಗ, ನಾ ಕಾಣ್ತೇನಿ ಅಂತ."

ಯಲ್ಲೇಶ ಮುಂದಿನ ಚಕ್ರದ ಹತ್ತಿರ ಮೊಣಕಾಲೂರಿದ. ಒಂದು ನೀಲಿ ಬೋಲ್ಟಿನ ತಲೆ ಇರಲೇ ಇಲ್ಲ. ಇನ್ನೊಂದು ಬಾಗಿತ್ತು. ಇದೇ ಟಕ್ಕು ಇಳುಕಲಿನ ತಿರುವಿನಲ್ಲಿ ಆಗಿದ್ದರೆ ಅನ್ನುವುದನ್ನು ಅವನು ಪೂರಾ ನೆನೆಯಲಿಲ್ಲ. ಪಕ್ಕಡದಿಂದ ಮುರಿದ ತುಂಡನ್ನು ತಿರುವಿ ತೆಗೆದ, ಕಿಸೆಯೊಳಗಿನ ಕಪ್ಪು ಬೋಲ್ಟನ್ನು ಆ ಜಾಗದಲ್ಲಿ ಕೂರಿಸಿದ.

"ತಪ್ಪು ನಂದ್ರಿ ಸಾವಕಾರ" ಎಂದ ಭೀಮಶಿ ಕಾಕಾ. ಈ ಸಲ 'ಸಾವಕಾರ' ಎಂಬುದರಲ್ಲಿ ಚೇಷ್ಟೆ ಇರಲಿಲ್ಲ. "ನಾನ ಹಾಕಿದ್ದೆ ಅವನ್ನ."

"ನಾನೂ ಹೇಳಿ ಹೋಗಿರ್ಲಿಲ್ಲ" ಎಂದ ಯಲ್ಲೇಶ, ತಲೆ ಎತ್ತದೆ.

"ನಾನೂ ಹತ್ತ ಮಿನಿಟ ಕೊಡ್ಲಿಲ್ಲ" ಎಂದ ಪ್ರತೀಕ. ಪಡುವಣಕ್ಕೆ ನೋಡಿದ. ಸೂರ್ಯ ಗುಡ್ಡದ ಹೆಗಲಿಗೆ ತಾಗಿದ್ದ. "ಇವತ್ತ ಊಟ ತಪ್ಪಿತು. ಆಯಿ ಬೈತಾಳ."

ಸತ್ತೆವ್ವ ಬದುವಿನ ಮೇಲಿದ್ದ ಬುತ್ತಿ ಗಂಟು ತಂದಳು. "ಜ್ವಾಳದ ರೊಟ್ಟಿ ಐತಿ, ಬೆಲ್ಲ ಐತಿ. ಚಟ್ನಿ ಕೊಡಂಗಿಲ್ಲ, ಬಳ್ಳೊಳ್ಳಿ ಹಾಕೇನಿ, ನಿಮಗ ನಡ್ಯಾಂಗಿಲ್ಲ. ತಿನ್ರಿ ಲಗೂನ, ಹೊತ್ತ ಇನ್ನಾ ಐತಿ."

ಪ್ರತೀಕ ನಿಂತುಕೊಂಡೇ ತಿಂದ. ಒಂದು ಕಣ್ಣು ರೊಟ್ಟಿಯ ಮೇಲೆ, ಒಂದು ಕಣ್ಣು ಸೂರ್ಯನ ಮೇಲೆ. ನಡುವೆ ಯಲ್ಲೇಶನ ಕಿಸೆಯಿಂದ ಫೋನು ಇಸಿದುಕೊಂಡು, "ಉಣ್ಣಾಕತ್ತೇನಿ ಆಯಿ... ಹೌದು, ಹೊತ್ತ ಮುಳುಗಿಲ್ಲ... ಕುರಿಯವ್ರ ಹಂತೇಕ" ಎಂದ. ಬಿದ್ದದ್ದನ್ನು ಹೇಳಲಿಲ್ಲ. ಅಷ್ಟರಲ್ಲಿ ಯಲ್ಲೇಶ ಬಾಗಿದ ನೀಲಿ ಬೋಲ್ಟನ್ನೂ ತೆಗೆದು, ಎರಡನೆಯ ಕಪ್ಪು ಬೋಲ್ಟನ್ನು ಬಿಗಿ ಮಾಡಿದ.

"ಎಷ್ಟ ತೂಕ ಏರಿತೋ?" ಎಂದ ಪ್ರತೀಕ, ನಗಲು ನೋಡುತ್ತ.

"ಒಂದ ತುತ್ತು ರೊಟ್ಟಿ ಅಷ್ಟು" ಎಂದ ಯಲ್ಲೇಶ. "ನೀ ಮುಂದ ಸಾವಕಾಶ ನಡಿ. ನಿನಗ ಲೈಟಿಲ್ಲ, ಹಿಂದ ನಂದ ಬೆಳಕ ಬಿಡ್ತೇನಿ. ಮನಿತನ ಬರ್ತೇನಿ."

ಪ್ರತೀಕ ಗಾಡಿ ಹತ್ತಿದ. ಹೊರಡಲು ಮಾತ್ರ ಆಗಲಿಲ್ಲ. ಭೀಮಶಿ ಕಾಕಾ ಬಂದು ಗಾಡಿಯ ಎದುರಿಗೇ ನಿಂತಿದ್ದ. ಬ್ರೇಕು ಹಿಡಿ ಎಂದು ಕಣ್ಣಲ್ಲೇ ಹೇಳಿ, ಸಂತೆಯಲ್ಲಿ ಟಗರು ಕೊಳ್ಳುವಾಗ ಕೊಂಬು ಹಿಡಿದು ನೂಕಿ ನೋಡುವಂತೆ, ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು, ಕಾಲು ಮಣ್ಣಿಗೆ ಊರಿ, ಮೈಯ ಭಾರವನ್ನೆಲ್ಲ ಹಾಕಿ ಹಿಂದಕ್ಕೆ ನೂಕಿದ. ಮತ್ತೊಮ್ಮೆ ನೂಕಿದ. ಚಕ್ರ ಕದಲಲಿಲ್ಲ. ಆಮೇಲೆ ಅವನು ರಸ್ತೆ ಬಿಟ್ಟು ಬಾಜೂ ಸರಿದ.